ಒಂದೇ ಪಂಕ್ತಿಗೆ ಕರೆದ ಕರ್ತನು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸಭೆಗಳ ದೇವಜನರೇ,

ಅಂತಿಯೋಕ್ಯದ ಸಭೆಯಲ್ಲಿ ಒಮ್ಮೆ ಊಟದ ಪಂಕ್ತಿ ಒಡೆಯಿತು. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲನು ಅದನ್ನು ಮುಚ್ಚಿಡದೆ ಹೇಳಿದ್ದಾನೆ. ಪೇತ್ರನು ಅಲ್ಲಿಗೆ ಬಂದಿದ್ದನು. ಅನ್ಯಜನರಿಂದ ಬಂದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದನು. ಅಷ್ಟರಲ್ಲಿ ಯಾಕೋಬನ ಕಡೆಯಿಂದ ಕೆಲವರು ಬಂದರು. ಬಂದವರ ಕಣ್ಣಿಗೆ ಹೆದರಿ ಪೇತ್ರನು ಹಿಂದೆ ಸರಿದು ಬೇರೆಯಾದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು. ಕಡೆಗೆ ಬಾರ್ನಬನೂ ಸರಿದನು. ಯಾವ ಬಾರ್ನಬ? ತನ್ನ ಹೊಲ ಮಾರಿ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟ ಬಾರ್ನಬ. ಎಲ್ಲರೂ ಹೆದರುತ್ತಿದ್ದ ಸೌಲನ, ಅಂದರೆ ಇದೇ ಪೌಲನ, ಕೈ ಹಿಡಿದು ಶಿಷ್ಯರ ನಡುವೆ ಕರೆತಂದ ಬಾರ್ನಬ. ಹೊಲ ಕೊಡಲು ಹಿಂಜರಿಯದ ಕೈ ಪಂಕ್ತಿಯಲ್ಲಿ ಹಿಂಜರಿಯಿತು. ಪ್ರಿಯರೇ, ಪಾಪದ ಬಲ ಎಷ್ಟೆಂದು ಇಲ್ಲಿ ನೋಡಿರಿ. ಕೆಟ್ಟವರನ್ನು ಮಾತ್ರ ಅದು ಹಿಡಿಯುವುದಿಲ್ಲ. ಪ್ರಾರ್ಥಿಸುವವರನ್ನು ಹಿಡಿಯುತ್ತದೆ, ಕಾಣಿಕೆ ಕೊಡುವವರನ್ನು ಹಿಡಿಯುತ್ತದೆ, ಸುವಾರ್ತೆ ಸಾರುವವರನ್ನೂ ಹಿಡಿಯುತ್ತದೆ.

ಪೌಲನು ಸುಮ್ಮನಿರಲಿಲ್ಲ. ದೊಡ್ಡವರ ವಿಷಯ, ನಮಗೇಕೆ ಎನ್ನಲಿಲ್ಲ. ಬೆನ್ನ ಹಿಂದೆ ಆಡಿಕೊಳ್ಳಲೂ ಇಲ್ಲ. ಎಲ್ಲರ ಎದುರಿಗೆ, ಪೇತ್ರನ ಮುಖಕ್ಕೆ ಮುಖ ಕೊಟ್ಟು ಹೇಳಿದನು: ಇದು ಸುವಾರ್ತೆಗೆ ತಕ್ಕ ನಡತೆಯಲ್ಲ. ಪೇತ್ರನು ಏನು ಉತ್ತರ ಕೊಟ್ಟನೋ ಆ ಪತ್ರದಲ್ಲಿಲ್ಲ. ಆದರೆ ಪೇತ್ರನ ಎರಡನೆಯ ಪತ್ರದ ಕೊನೆಯ ಅಧ್ಯಾಯವನ್ನು ತೆರೆಯಿರಿ. ಸಭೆಯೆಲ್ಲ ನೋಡುತ್ತಿರುವಾಗ ತನ್ನನ್ನು ಗದರಿಸಿದ ಅದೇ ಪೌಲನನ್ನು ಪೇತ್ರನು ಅಲ್ಲಿ ಪ್ರಿಯ ಸಹೋದರನೆಂದು ಕರೆಯುತ್ತಾನೆ. ಕೃಪೆ ಮಾಡುವ ಕೆಲಸ ಇದು. ತಪ್ಪನ್ನು ತಪ್ಪೆಂದು ಹೇಳುವ ಧೈರ್ಯವನ್ನು ಒಬ್ಬನಿಗೆ ಕೊಡುತ್ತದೆ, ಅದನ್ನು ಕೇಳಿ ಬದಲಾಗುವ ದೀನತೆಯನ್ನು ಇನ್ನೊಬ್ಬನಿಗೆ ಕೊಡುತ್ತದೆ, ಇಬ್ಬರನ್ನೂ ಮತ್ತೆ ಒಂದೇ ಕರ್ತನ ಮೇಜಿಗೆ ಕೂಡಿಸುತ್ತದೆ. ಆದರೆ ಆರಾಧನೆ ಮುಗಿದ ಮೇಲೆ ಕೈ ಕುಲುಕಿ, ನಕ್ಕು, ಗೇಟು ದಾಟುವುದಕ್ಕೆ ನಾವು ಅನ್ಯೋನ್ಯತೆ ಎನ್ನುತ್ತಿದ್ದೇವೆ. ಅದಕ್ಕೆ ಕ್ರಿಸ್ತನು ಸಾಯಬೇಕಾಗಿರಲಿಲ್ಲ.

ಪಂಕ್ತಿಭೇದ ಎಂದರೇನು ಎಂದು ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಿಲ್ಲ. ಹುನಗುಂದದ ಮಗ್ಗುಲಲ್ಲೇ ಕೂಡಲಸಂಗಮವಿದೆ. ಕುಲವನ್ನು ಕೇಳದೆ ಜೊತೆಗೆ ಕೂಡಿಸಿಕೊಂಡ ಬಸವಣ್ಣನವರನ್ನು ಈ ಸೀಮೆ 12ನೆಯ ಶತಮಾನದಿಂದ ನೆನೆಯುತ್ತಿದೆ. ಇಂಥ ನೆಲದಲ್ಲಿಯೇ, ಬಾದಾಮಿಯ ಹತ್ತಿರದ ಗುಳೇದಗುಡ್ಡದಲ್ಲಿ, 1851ರಲ್ಲಿ ಬಾಸೆಲ್ ಮಿಷನ್ ತನ್ನ ಠಾಣೆಯನ್ನು ತೆರೆಯಿತು. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವನಿಗೆ ಕುಲದ ಬಾಗಿಲು ಮುಚ್ಚುತ್ತಿತ್ತು, ಕಸುಬೂ ಕೈಬಿಡುತ್ತಿತ್ತು. ಮಿಷನ್ನಿನವರು ಮಂಗಳೂರಿನಲ್ಲಿ ನೇಯ್ಗೆಯನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಹೂಡಿದ್ದರ ಹಿಂದೆ ಇಂಥವರ ಹೊಟ್ಟೆಯ ಚಿಂತೆಯೂ ಇತ್ತು. ಬಳಗ ಕಳೆದುಕೊಂಡವರಿಗೆ ಸಭೆಯೇ ಬಳಗವಾಯಿತು. ಹಾಗೆ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ನಾವು ಇಂದು ಹೆಣ್ಣು ನೋಡಲು ಹೋದಾಗ ಮೊದಲು ಏನು ವಿಚಾರಿಸುತ್ತೇವೆ? ಇವರು ಹಿಂದೆ ಯಾವ ಜಾತಿ ಎಂದಲ್ಲವೇ? ಸತ್ಯವೇದವನ್ನು ಕಂಕುಳಲ್ಲಿ ಇಟ್ಟುಕೊಂಡು ಈ ಪ್ರಶ್ನೆ ಕೇಳುವ ನಾಲಿಗೆ ಪಶ್ಚಾತ್ತಾಪಪಡಬೇಕು. ಇದನ್ನು ರೂಢಿ ಎನ್ನಬೇಡಿರಿ, ಹಿರಿಯರ ಮಾತು ಎನ್ನಬೇಡಿರಿ. ಇದು ಪಾಪ, ಶಿಲುಬೆ ಕೆಡವಿದ ಗೋಡೆಯನ್ನು ಮತ್ತೆ ಕಟ್ಟುವ ಪಾಪ.

2019ರ ಆಗಸ್ಟ್ ತಿಂಗಳು ನಿಮಗೆ ನೆನಪಿದೆ. ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳಿಗೆ ನುಗ್ಗಿದಾಗ ರೊಟ್ಟಿಯ ಗಂಟುಗಳು ಎಲ್ಲೆಲ್ಲಿಂದಲೋ ಬಂದವು. ಹಸಿದವರು ಯಾರ ಒಲೆಯ ರೊಟ್ಟಿ ಎಂದು ನೋಡದೆ ಉಂಡರು. ನೀರು ಇಳಿಯಿತು, ನೀರಿನ ಜೊತೆಗೆ ಆ ಒಗ್ಗಟ್ಟೂ ಇಳಿಯಿತೇ? ನೆರೆಯ ನೀರು ಕೆಲವು ದಿನ ಮಾಡಿ ತೋರಿಸಿದ್ದನ್ನು ಕ್ರಿಸ್ತನ ರಕ್ತವು ನಿತ್ಯಕ್ಕೂ ಮಾಡಲಾರದೇ? ಮಾಡಬಲ್ಲದು, ಪ್ರಿಯರೇ, ಖಂಡಿತವಾಗಿ ಮಾಡಬಲ್ಲದು.

ಇಳಕಲ್ಲಿನವರೇ, ನಿಮ್ಮ ಸೀರೆಯ ವಿಷಯವನ್ನು ನಿಮಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದೂ ಪ್ರತಿ ಸೀರೆಗೆ ಹೊಸದಾಗಿ. ಕಣ್ಣು ದಣಿಯುವ ಕೆಲಸ, ಅವಸರಕ್ಕೆ ಒಗ್ಗದ ಕೆಲಸ. ಹತ್ತಿ ರೇಷ್ಮೆಯಾಗುವುದಿಲ್ಲ, ರೇಷ್ಮೆ ಹತ್ತಿಯಾಗುವುದಿಲ್ಲ. ಎರಡೂ ಸೇರಿ ಒಂದೇ ಸೀರೆಯಾಗುತ್ತವೆ. ಸಭೆಯನ್ನೂ ಕರ್ತನು ಹೀಗೆಯೇ ಕೂಡಿಸುತ್ತಾನೆ, ಒಬ್ಬೊಬ್ಬರನ್ನಾಗಿ, ತಲೆಮಾರಿಗೊಮ್ಮೆ ಹೊಸದಾಗಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅದು ದೊಡ್ಡ ಕೃಪೆ. ಆದರೆ ನಿಮ್ಮ ಓಣಿಯಲ್ಲಿ ಮಾತು ಬಿಟ್ಟ ಇಬ್ಬರನ್ನು ಯಾವ ಒಪ್ಪಂದವೂ ಒಂದು ಮಾಡಲಿಲ್ಲ, ಮಾಡುವುದೂ ಇಲ್ಲ.

ಆದುದರಿಂದ ಎಲ್ಲಿ ಎಳೆ ಬಿಟ್ಟಿದೆ ನೋಡಿರಿ. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಓಣಿಗಳವರು ನವನಗರದ ಸೆಕ್ಟರುಗಳಿಗೆ ಚದುರಿದರು; ದಿನಾ ಕಟ್ಟೆಯ ಮೇಲೆ ಕೂಡುತ್ತಿದ್ದವರಿಗೆ ಈಗ ಭಾನುವಾರವೇ ಭೇಟಿ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಜನ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕರೂ ಮಕ್ಕಳೂ ಉಳಿಯುತ್ತಾರೆ. ಆರಾಧನೆಯಲ್ಲಿ ಹೋದವರ ಜಾಗ ಖಾಲಿ ಇರುವುದನ್ನು ಯಾರು ಗಮನಿಸಿದಿರಿ? ಅವರು ಹೋದ ಊರಿನ ಸಭೆಗೆ ಒಂದು ಪತ್ರ ಬರೆದು, ಇವರು ನಮ್ಮವರು, ನಿಮ್ಮವರೆಂದು ಸೇರಿಸಿಕೊಳ್ಳಿರಿ ಎಂದು ಕೇಳಿದವರು ಯಾರು? ಅಜ್ಜಿಯ ಔಷಧಿ ಮುಗಿದಿದೆಯೇ, ಮಗು ಶಾಲೆಗೆ ಹೋಗುತ್ತಿದೆಯೇ ಎಂದು ಹೊಸ್ತಿಲು ತುಳಿದವರು ಯಾರು? ಹೊರಗಿನವರು ನಮ್ಮನ್ನು ದೂರುತ್ತಾರೆಂದು ಕೊರಗುವ ನಾವು, ಒಳಗಿನವರನ್ನು ಮರೆತದ್ದಕ್ಕೆ ಅಳುವುದು ಯಾವಾಗ?

ಕರ್ತನ ಭೋಜನಕ್ಕೆ ಸಿದ್ಧರಾಗುತ್ತಿರುವವರೇ, ಕೊರಿಂಥದವರು ಬಡವರನ್ನು ಹಸಿದಿರಲು ಬಿಟ್ಟು ತಾವು ಮೊದಲು ಉಂಡಾಗ, ಅದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಬರೆದದ್ದನ್ನು ಮರೆಯಬೇಡಿರಿ. ಈ ಸಾರಿ ರೊಟ್ಟಿಯನ್ನೂ ಪಾತ್ರೆಯನ್ನೂ ಮುಟ್ಟುವ ಮುಂಚೆ, ನೀವು ಈವರೆಗೆ ಊಟ ಮಾಡದ ಒಂದು ಮನೆಗೆ ಹೋಗಿ ಅವರು ಬಡಿಸಿದ್ದನ್ನು ಉಣ್ಣಿರಿ. ಅವರನ್ನು ನಿಮ್ಮ ಮನೆಗೆ ಕರೆದು ನಿಮ್ಮ ಜೊತೆಗೇ ಕೂಡಿಸಿರಿ. ಮಾತು ಬಿಟ್ಟವರಿದ್ದರೆ ಅವರು ಬರಲೆಂದು ಕಾಯದೆ ನೀವೇ ಹೋಗಿರಿ. ಸಾಲದ ಜಗಳವಿದ್ದರೆ ಇಬ್ಬರೂ ಕೂತು ಲೆಕ್ಕ ಮುಗಿಸಿರಿ; ಮುಗಿಯದಷ್ಟು ಬಡತನ ಅವರ ಮನೆಯಲ್ಲಿದ್ದರೆ ಕ್ರಿಸ್ತನ ಹೆಸರಿನಲ್ಲಿ ಬಿಟ್ಟುಬಿಡಿರಿ. ನಿಮ್ಮ ಬಲದಿಂದ ಆಗದು ಎಂದು ನಾನು ಬಲ್ಲೆ, ಪೇತ್ರನಿಗೂ ಆಗಲಿಲ್ಲ. ಅವನನ್ನು ಬದಲಾಯಿಸಿದ ಆತ್ಮನು ನಿಮ್ಮೊಂದಿಗಿದ್ದಾನೆ. ಇದೇ ವಾರ ಹೋಗಿರಿ.