ಇಪ್ಪತ್ತರ ಗಡಿ

ಚಿಟ್ಟೆಯ ರೆಕ್ಕೆ ಸೆಕೆಂಡಿಗೆ ಹತ್ತರ ಆಸುಪಾಸು ಬಡಿಯುತ್ತದೆ. ಬಡಿತ ಕಾಣುತ್ತದೆ, ಕೇಳುವುದಿಲ್ಲ. ಜೇನುನೊಣದ್ದು ಇನ್ನೂರಕ್ಕೂ ಮಿಕ್ಕು. ಅದು ಕೇಳುತ್ತದೆ, ಕಾಣುವುದಿಲ್ಲ. ಎರಡೂ ಮಾಡುತ್ತಿರುವ ಕೆಲಸ ಒಂದೇ. ವೇಗ ಬದಲಾದಾಗ ನಮ್ಮ ಇಂದ್ರಿಯಗಳು ಅದನ್ನು ಬೇರೆ ಬೇರೆ ಖಾತೆಗೆ ಬರೆದುಕೊಳ್ಳುತ್ತವೆ, ಅಷ್ಟೆ.

ಈ ಖಾತೆ ಬದಲಾವಣೆಯನ್ನು ಬೆರಳಿನಿಂದಲೇ ಮಾಡಿ ನೋಡಬೇಕೆಂದರೆ ಪುಟ್ಟ ಸಿಂಥಸೈಜರ್ ಒಂದು ಸಾಕು. ಮುಖದ ಮೇಲೆ ಸಾಲು ಸಾಲು ತೂತುಗಳು, ಒಂದರಿಂದ ಇನ್ನೊಂದಕ್ಕೆ ಸಿಕ್ಕಿಸುವ ವೈರುಗಳು. ಅಮೆರಿಕದ ಮೋಗ್ ಕಂಪನಿ 2015ರಲ್ಲಿ ತಂದ ಮದರ್-32ರಲ್ಲಿ ಹೆಸರಿಗೆ ತಕ್ಕಂತೆ 32 ತೂತುಗಳಿವೆ. ಜಪಾನಿನ ಕೋರ್ಗ್ 2019ರಲ್ಲಿ ಮಾಡಿದ ವೋಲ್ಕಾ ಮಾಡ್ಯುಲರ್ ಇನ್ನೂ ಚಿಕ್ಕದು, ಬ್ಯಾಟರಿಯಲ್ಲೇ ಓಡುತ್ತದೆ. ಅದರ ವೈರು ಎಷ್ಟು ಸಪೂರವೆಂದರೆ ನನ್ನ ವಯಸ್ಸಿನವರಿಗೆ ಕನ್ನಡಕ ಬೇಕೇ ಬೇಕು.

ಯಂತ್ರದೊಳಗೆ ಒಂದು ಆಸಿಲೇಟರ್ ನಾದ ಹೊರಡಿಸುತ್ತದೆ. ಎಲ್‌ಎಫ್‌ಒ ಎಂಬ ಇನ್ನೊಂದು ನಿಧಾನದ ಆಸಿಲೇಟರ್ ಇರುವುದು ಕೇಳಿಸಿಕೊಳ್ಳಲಿಕ್ಕಲ್ಲ, ಮೊದಲಿನದನ್ನು ತೂಗಲಿಕ್ಕೆ. ಇದರ ತ್ರಿಕೋನ ಅಲೆಯನ್ನು ಅದರ ಶ್ರುತಿಗೆ ಜೋಡಿಸಿ, ವೇಗದ ನಾಬನ್ನು ಐದಾರು ಹರ್ಟ್ಸ್‌ನ ಹತ್ತಿರ ಇಟ್ಟರೆ ಸ್ವರ ಹಿತವಾಗಿ ಓಲಾಡುತ್ತದೆ. ಹತ್ತಕ್ಕೆ ಬಂದರೆ ಅದು ನಡುಕ. ಹದಿನೈದು ದಾಟಿದರೆ ಗಂಟಲು ಕಟ್ಟಿದಂತೆ ಗೊರಗುಟ್ಟುತ್ತದೆ. ಮೂವತ್ತು ನಲವತ್ತು ಮುಟ್ಟುವಷ್ಟರಲ್ಲಿ ಓಲಾಟ, ನಡುಕ ಎರಡೂ ಮಾಯ. ಕೇಳುವುದು ಬೇರೆಯೇ ಬಣ್ಣದ ಇನ್ನೊಂದು ನಾದ. ವೈರು ಅದೇ, ಅಲೆ ಅದೇ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನದಿಂದಾಚೆಗೆ ಏಟುಗಳನ್ನು ಒಂದೊಂದಾಗಿ ಎಣಿಸುವುದನ್ನು ಬಿಟ್ಟು, ಎಲ್ಲವನ್ನೂ ಒಟ್ಟಿಗೆ ನಾದವೆಂದು ಸ್ವೀಕರಿಸಲು ತೊಡಗುತ್ತದೆ. ಗಡಿ ಇರುವುದು ನಮ್ಮಲ್ಲಿ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ 1967ರಲ್ಲಿ ಮಾಡಿದ್ದೂ ಇದನ್ನೇ. ಕಂಪ್ಯೂಟರಿನಲ್ಲಿ ಸ್ವರವನ್ನು ಓಲಾಡಿಸುತ್ತ, ಓಲಾಟದ ವೇಗವನ್ನೂ ಅಗಲವನ್ನೂ ಹೆಚ್ಚಿಸುತ್ತ ಹೋದರು. ಬರೀ ಎರಡು ಆಸಿಲೇಟರುಗಳಿಂದ ತುಂಬು ನಾದ ಹುಟ್ಟುವುದು ಅವರ ಕಿವಿಗೆ ಬಿತ್ತು. 1973ರಲ್ಲಿ ಅದರ ಗಣಿತವನ್ನು ಪ್ರಕಟಿಸಿದರು. ಹತ್ತು ವರ್ಷದ ಮೇಲೆ ಅದೇ ತತ್ವದ ಮೇಲೆ ಯಮಾಹಾದ ಡಿಎಕ್ಸ್7 ಬಂತು. ಎಂಬತ್ತರ ದಶಕದ ಪಾಪ್ ಹಾಡುಗಳಲ್ಲಿ ಕೇಳುವ, ಗಾಜು ತಾಗಿದಂಥ ಎಲೆಕ್ಟ್ರಿಕ್ ಪಿಯಾನೊ ಅದರದೇ.

ಗಣಿತ ಹೆದರುವಂಥದ್ದೇನಲ್ಲ. ನಾದ 400 ಹರ್ಟ್ಸ್, ತೂಗುವುದು 100 ಎಂದಿಟ್ಟುಕೊಳ್ಳಿ. ನಾಲ್ಕುನೂರರ ಎರಡು ಪಕ್ಕಕ್ಕೂ ನೂರು ನೂರರ ಅಂತರದಲ್ಲಿ ಹೊಸ ಸ್ವರಗಳು ಏಳುತ್ತವೆ: 300 ಮತ್ತು 500, 200 ಮತ್ತು 600. ಅಗಲ ಹೆಚ್ಚಿಸಿದಷ್ಟೂ ಇನ್ನಷ್ಟು. ಎಲ್ಲವೂ ನೂರರ ಗುಣಕಗಳಾದ್ದರಿಂದ ಕಿವಿಗೆ ಒಂದೇ ಮನೆಯವರೆಂಬ ಭಾವ. ನಾಬನ್ನು ಕೂದಲೆಳೆಯಷ್ಟು ತಿರುಗಿಸಿ ನೂರನ್ನು 141ಕ್ಕೆ ಒಯ್ದರೆ 259, 541, 118, 682 ಏಳುತ್ತವೆ. ಇವಕ್ಕೆ ಸುಲಭದ ನಂಟಿಲ್ಲ, ನಾದ ಗಂಟೆಯ ಕಡೆಗೆ ವಾಲುತ್ತದೆ. ಜಾಗಟೆಯ ನಾದದ ಶ್ರುತಿ ಇಂಥದೇ ಎಂದು ಹೇಳುವುದು ಕಷ್ಟ, ಅಲ್ಲವೇ? ಇದೂ ಹಾಗೆಯೇ.

ಇನ್ನೊಂದು ಸೂಕ್ಷ್ಮ. ವೈರನ್ನು ಸಾಮಾನ್ಯವಾದ ಶ್ರುತಿಯ ತೂತಿಗೆ ಸಿಕ್ಕಿಸಿದರೆ ಅಗಲ ಹೆಚ್ಚಿಸಿದಂತೆ ಶ್ರುತಿಯೇ ಮೇಲೇರುತ್ತದೆ. ಅಲ್ಲಿ ಲೆಕ್ಕ ಸ್ಥಾಯಿಯದು. 400ರಿಂದ ಒಂದು ಸ್ಥಾಯಿ ಮೇಲೆ ಹೋದರೆ 800, ಒಂದು ಸ್ಥಾಯಿ ಇಳಿದರೆ 200. ಏರಿದ್ದು ನಾಲ್ಕುನೂರು, ಇಳಿದದ್ದು ಇನ್ನೂರೇ. ಮದರ್-32ರಲ್ಲಿ ಇದನ್ನು ತಪ್ಪಿಸಲೆಂದೇ ಲೀನಿಯರ್ ಎಫ್‌ಎಂ (ಎಫ್‌ಎಂ ಎಂದರೆ ಹೀಗೆ ಒಂದು ಆಸಿಲೇಟರಿನಿಂದ ಇನ್ನೊಂದರ ಶ್ರುತಿಯನ್ನು ತೂಗುವುದು) ಎಂಬ ಪ್ರತ್ಯೇಕ ತೂತು ಇದೆ. ಅಲ್ಲಿ ಏರಿಳಿತ ಸಮ, ಆದ್ದರಿಂದ ಶ್ರುತಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ.

ಚಲನೆ ಯಾವಾಗ ಗುಣವಾಗುತ್ತದೆ ಎಂಬುದು ಬರೀ ಇಪ್ಪತ್ತರ ಲೆಕ್ಕವೂ ಅಲ್ಲ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ತೋಡಿಯ ಗಾಂಧಾರ ಗೊತ್ತು. ಅಲ್ಲಿ ಕಂಪನ ಎಣಿಸಬಹುದಾದಷ್ಟು ನಿಧಾನ. ಆದರೂ ರಸಿಕರು ‘ಸ್ವರ ಅಲುಗುತ್ತಿದೆ’ ಎನ್ನುವುದಿಲ್ಲ, ‘ಗಾಂಧಾರ’ ಎನ್ನುತ್ತಾರೆ. ಅಲುಗಾಟ ನಿಲ್ಲಿಸಿ ನೇರವಾಗಿ ಹಾಡಿದರೆ ತೋಡಿ ಎಲ್ಲಿ ಹೋಯಿತು ಎಂದು ಹುಡುಕುತ್ತಾರೆ. ಅಲ್ಲಿ ಚಲನೆಯನ್ನು ಗುಣವಾಗಿಸಿದ್ದು ವೇಗವಲ್ಲ, ತಲೆಮಾರುಗಳ ಕೇಳ್ಮೆ. ಹಾಗಾದರೆ ಎದುರಿಗಿರುವ ಒಂದನ್ನು ‘ಇದರ ಸ್ವಭಾವವೇ ಇದು’ ಎಂದು ತೀರ್ಮಾನಿಸುವಾಗ, ಅದು ನಾವು ಎಣಿಸಲಾರದ ಚಲನೆಯೋ, ಎಣಿಸುವುದನ್ನು ಬಿಟ್ಟ ಚಲನೆಯೋ? ಎರಡೂ ಇರಬಹುದು.

ಹದಿನೈದರಿಂದ ಮೂವತ್ತರವರೆಗಿನ ಆ ಗೊರಗೊರ ಪಟ್ಟಿಯನ್ನು ಬಹುತೇಕರು ಅವಸರದಲ್ಲಿ ದಾಟುತ್ತಾರೆ, ಅಂದಗೆಟ್ಟದ್ದೆಂದು. ನನಗೆ ಇಡೀ ಯಂತ್ರದಲ್ಲಿ ಬೆಲೆಬಾಳುವ ಜಾಗ ಅದೇ. ಅಲ್ಲಿ ಕಿವಿಗೆ ಎಣಿಸಲೂ ಆಗದು, ಬೆಸೆಯಲೂ ಆಗದು. ಅಲ್ಲಿ ನಾಬಿನಿಂದ ಕೈ ತೆಗೆದು ಸುಮ್ಮನೆ ಕೂತರೆ, ಅದೇ ಧ್ವನಿ ಒಮ್ಮೆ ಏಟುಗಳಾಗಿ, ಒಮ್ಮೆ ನಾದವಾಗಿ ಕೇಳುತ್ತದೆ. ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು, ಮಿಕ್ಸಿ ಶುರುವಾಗುವ ಮೊದಲು. ಆದರೆ ರಾತ್ರಿಯೆಲ್ಲ ತಣ್ಣಗಿದ್ದ ಅನಲಾಗ್ ಸರ್ಕ್ಯೂಟಿನ ಶ್ರುತಿ ಕಾವೇರುವ ತನಕ ಜಾರುತ್ತಲೇ ಇರುತ್ತದೆ. ಸ್ವಿಚ್ ಹಾಕಿ ಕಾಫಿ ಕುಡಿದು ಬನ್ನಿ. ಹೆಡ್‌ಫೋನ್ ಹಾಕಿಕೊಳ್ಳುವವರು ವಾಲ್ಯೂಮನ್ನು ಮೊದಲೇ ಪೂರಾ ತಗ್ಗಿಸಿಡಿ. ವೈರು ಸಿಕ್ಕಿಸಿದ ಗಳಿಗೆಯಲ್ಲಿ ಸದ್ದು ಎಷ್ಟು ಜೋರಾಗಿ ಚಿಮ್ಮುತ್ತದೆಂದು ಮುಂಚೆ ಹೇಳಲಾಗದು.