ದೇವರ ಕೆಲಸಕ್ಕೆ ಕೂಲಿ ಬೇಡವೇ?



ಭಾನುವಾರದ ಬಲಿಪೂಜೆ ಮುಗಿದು ನಾವೆಲ್ಲ ಮನೆಯ ಕಡೆ ಹೆಜ್ಜೆ ಹಾಕುವಾಗ ದೇವಾಲಯದ ಪಕ್ಕದ ಕೊಠಡಿಯಿಂದ ಮಕ್ಕಳ ದನಿ ಕೇಳಿಬರುತ್ತದೆ. ಶಿಲುಬೆಯ ಗುರುತು ಹಾಕಲು ಕೈ ಹಿಡಿದು ಕಲಿಸುವವರು, ದಶಾಜ್ಞೆಗಳನ್ನು ಬಾಯಿಪಾಠ ಮಾಡಿಸುವವರು, ಪ್ರಥಮ ಪರಮಪ್ರಸಾದಕ್ಕೆ ನಮ್ಮ ಮಕ್ಕಳನ್ನು ಸಿದ್ಧಮಾಡುವವರು ಅಲ್ಲಿದ್ದಾರೆ. ಅವರ ಹೆಸರು ನಮಗೆ ಗೊತ್ತು. ಅವರ ಮನೆಯ ಒಲೆ ಹೇಗೆ ಉರಿಯುತ್ತದೆಂಬುದು ಗೊತ್ತೇ?

ಇವರಲ್ಲಿ ಎರಡು ಬಗೆಯವರಿದ್ದಾರೆ. ಬೇರೆ ಉದ್ಯೋಗವಿದ್ದು, ಭಾನುವಾರ ಒಂದು ಗಂಟೆಯನ್ನು ಪ್ರಭುವಿಗೆಂದು ಸಂತೋಷದಿಂದ ಕೊಡುವವರು ಒಂದು ಬಗೆ. ಅದು ಅವರ ಕಾಣಿಕೆ. ದೇವರು ಅದನ್ನು ಮೆಚ್ಚುತ್ತಾರೆ. ಇನ್ನೊಂದು ಬಗೆಯವರಿಗೆ ಇದೇ ಜೀವನೋಪಾಯ. ವಾರವೆಲ್ಲ ಬಾಲವಾಡಿ ನಡೆಸುವ ಟೀಚರಮ್ಮ, ಉಪಕೇಂದ್ರದ ಹಳ್ಳಿಗಳಿಗೆ ಹೋಗಿ ಮಕ್ಕಳನ್ನು ಕೂಡಿಸುವ ಉಪದೇಶಿ, ಹಾಸ್ಟೆಲಿನಲ್ಲಿ ಮಕ್ಕಳನ್ನು ಹಗಲಿರುಳು ನೋಡಿಕೊಳ್ಳುವ ಮೇಲ್ವಿಚಾರಕಿ. ಈ ಎರಡನೆಯ ಬಗೆಯವರಿಗೂ ನಾವು ಮೊದಲನೆಯವರಿಗೆ ಹೇಳುವ ಮಾತನ್ನೇ ಹೇಳುತ್ತೇವೆ: “ಇದು ದೇವರ ಸೇವೆಯಮ್ಮಾ, ದೇವರು ಕೊಡುತ್ತಾರೆ.”

ದೇವರು ಕೊಡುತ್ತಾರೆ, ನಿಜ. ಆದರೆ ಯಾರ ಕೈಯಿಂದ ಕೊಡುತ್ತಾರೆ?

ನೆಹೆಮೀಯನ ಗ್ರಂಥದ 13ನೆಯ ಅಧ್ಯಾಯವನ್ನು ಈ ಹೊತ್ತು ಒಮ್ಮೆ ತೆರೆದು ನೋಡಿ. ಲೇವಿಯರಿಗೂ ಗಾಯಕರಿಗೂ ಸಲ್ಲಬೇಕಾದ ಪಾಲು ಸಲ್ಲಲಿಲ್ಲ. ಅವರು ದೇವಾಲಯ ಬಿಟ್ಟು ತಂತಮ್ಮ ಹೊಲಗಳಿಗೆ ಹೊರಟುಹೋದರು. ನೆಹೆಮೀಯನು ಹೋದವರನ್ನು ಗದರಿಸಲಿಲ್ಲ, ಅವರ ಭಕ್ತಿ ಕಡಿಮೆಯಾಯಿತೆಂದು ದೂರಲಿಲ್ಲ. ದೇವಾಲಯ ಬರಿದಾದದ್ದೇಕೆಂದು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡನು. ಹೋದವರನ್ನು ಕರೆಸಿದನು, ಉಗ್ರಾಣಕ್ಕೆ ನಂಬಿಗಸ್ತರನ್ನು ನೇಮಿಸಿ, ಪಾಲು ಸರಿಯಾಗಿ ಹಂಚುವ ಏರ್ಪಾಡು ಮಾಡಿದನು. ನಮ್ಮ ಒಳ್ಳೆಯ ಉಪದೇಶಿಯೊಬ್ಬರು ಗಾರ್ಮೆಂಟ್ ಫ್ಯಾಕ್ಟರಿಗೆ ಸೇರಿಕೊಂಡಾಗ “ಪ್ರಪಂಚದ ಆಸೆ” ಎಂದು ಮೂಗು ಮುರಿಯುವ ಮುನ್ನ ಈ ವಚನಗಳನ್ನು ಓದೋಣ.

ಸಂತ ಪೌಲರು ಡೇರೆ ಹೊಲಿದು ಬದುಕಿದರಲ್ಲ, ಅವರು ಸಂಬಳ ಕೇಳಲಿಲ್ಲವಲ್ಲ ಎಂದು ನೀವು ಕೇಳಬಹುದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೆಯ ಅಧ್ಯಾಯವನ್ನು ಗಮನವಿಟ್ಟು ಓದಿ. ಶುಭಸಂದೇಶ ಸಾರುವವನು ಅದರಿಂದಲೇ ಜೀವಿಸಬೇಕೆಂದು ಪ್ರಭುವೇ ವಿಧಿಸಿದ್ದಾರೆಂದು ಪೌಲರು ಮೊದಲು ಸ್ಪಷ್ಟಪಡಿಸುತ್ತಾರೆ. ಆ ಬಳಿಕವೇ ತಾವು ಆ ಹಕ್ಕನ್ನು ಬಳಸಿಕೊಳ್ಳಲಿಲ್ಲವೆನ್ನುತ್ತಾರೆ. ಹಕ್ಕು ಅವರದು, ಬಿಟ್ಟುಕೊಟ್ಟವರೂ ಅವರೇ. ತ್ಯಾಗ ಮಾಡುವವನು ತನ್ನದನ್ನು ತಾನೇ ಬಿಡಬೇಕು. ಇನ್ನೊಬ್ಬರ ಅನ್ನವನ್ನು ನಾವು ಉಳಿಸಿಕೊಂಡು, ಅದಕ್ಕೆ ಅವರ ತ್ಯಾಗವೆಂದು ಹೆಸರಿಟ್ಟರೆ ಅದು ತ್ಯಾಗವಾದೀತೇ?

ನಮ್ಮ ನಾಡಿನ ಧರ್ಮಸಭೆಯ ಚರಿತ್ರೆಯಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ. 1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರರು ಗಂಟೆ ಬಾರಿಸುತ್ತಾ ಬೀದಿಬೀದಿಯಲ್ಲಿ ಮಕ್ಕಳನ್ನು ಕೂಡಿಸಿದರು. ಮುಂದೆ ತಮಿಳುನಾಡಿನ ಮುತ್ತಿನ ಕರಾವಳಿಯ ಊರುಗಳಲ್ಲಿ ಮಕ್ಕಳಿಗೆ ಕಲಿಸಲು ಉಪದೇಶಿಗಳನ್ನು ನೇಮಿಸಿದರು. ಬರೀ ಆಶೀರ್ವಾದ ಕೊಟ್ಟು ಅವರನ್ನು ಬಿಡಲಿಲ್ಲ. ಆ ಕರಾವಳಿಯಿಂದ ಪೋರ್ಚುಗಲ್ಲಿನ ರಾಣಿ ಕ್ಯಾಥರೀನಳ ಪಾದರಕ್ಷೆಯ ಖರ್ಚಿಗೆಂದು ಸಲ್ಲುತ್ತಿದ್ದ 4,000 ಪಣಗಳನ್ನು ಉಪದೇಶಿಗಳ ಸಂಬಳಕ್ಕೆ ಕೇಳಿ ಪಡೆದರು. ಸ್ವರ್ಗಕ್ಕೆ ಏರಲು ಈ ಮಕ್ಕಳಿಗಿಂತ ಒಳ್ಳೆಯ ಪಾದರಕ್ಷೆ ರಾಣಿಗೆ ಸಿಗದೆಂಬ ಅರ್ಥದಲ್ಲಿ ಅವರು ಬರೆದರೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ಅಷ್ಟು ದೊಡ್ಡ ಸಂತರಿಗೂ ಮಕ್ಕಳ ಉಪದೇಶವೆಂದರೆ ಉಪದೇಶಿಯ ಹೊಟ್ಟೆಯ ಚಿಂತೆಯೂ ಹೌದಾಗಿತ್ತು.

ಧರ್ಮಸಭೆಯ ಬೋಧನೆಯೂ ಇದೇ. ವಿಶ್ವಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ, ದುಡಿಯುವವನು ಬೇರೆ ದಾರಿ ಕಾಣದೆ ಒಪ್ಪಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗದೆಂದು ಬೋಧಿಸಿದರು. 1971ರ ಬಿಷಪರ ಸಿನೊದು ಇನ್ನೂ ಮುಂದೆ ಹೋಗಿ, ಜನರಿಗೆ ನ್ಯಾಯವನ್ನು ಸಾರುವವರು ಮೊದಲು ಅವರ ಕಣ್ಣಿಗೆ ನ್ಯಾಯವಂತರಾಗಿ ಕಾಣಬೇಕೆಂದಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 231ನೆಯ ನಿಯಮದ ಪ್ರಕಾರ, ಧರ್ಮಸಭೆಯ ವಿಶೇಷ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡ ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ತಮ್ಮ ಹಾಗೂ ಕುಟುಂಬದ ಅಗತ್ಯ ಪೂರೈಸುವಷ್ಟು ಯೋಗ್ಯ ಸಂಬಳದ ಹಕ್ಕಿದೆ; ಸಾಮಾಜಿಕ ಭದ್ರತೆ, ಆರೋಗ್ಯದ ನೆರವು ಪಡೆಯುವ ಹಕ್ಕೂ ಇದೆ. ಧರ್ಮಸಭೆಯ ಸ್ವತ್ತನ್ನು ನೋಡಿಕೊಳ್ಳುವವರು ದೇಶದ ಕಾರ್ಮಿಕ ಕಾನೂನನ್ನೂ ಪಾಲಿಸಬೇಕೆಂದು 1286ನೆಯ ನಿಯಮ ಹೇಳುತ್ತದೆ. ಇದು ಯಾರೋ ಹೊರಗಿನವರ ಕೂಗಲ್ಲ. ನಮ್ಮದೇ ಮನೆಯ ಕಟ್ಟಳೆ.

“ನಮ್ಮ ಧರ್ಮಕೇಂದ್ರ ಬಡದು, ಹಣ ಎಲ್ಲಿದೆ?” ಎಂಬ ಮಾತು ಬರುತ್ತದೆ. ಕೆಲವೆಡೆ ಇದು ನಿಜ. ಆದರೆ ಹಬ್ಬದ ದೀಪಾಲಂಕಾರದವನು, ಬ್ಯಾಂಡಿನವನು, ಪಟಾಕಿಯವನು ಹೇಳಿದ ದರ ಎಣಿಸಿಕೊಂಡೇ ಹೋಗುತ್ತಾರೆ. ಅವರಿಗೆ “ದೇವರ ಸೇವೆ” ಎಂದು ನಾವು ಹೇಳುವುದಿಲ್ಲ. ಟೀಚರಮ್ಮನಿಗೆ ಮಾತ್ರ ಹಬ್ಬದ ದಿನ ಒಂದು ಶಾಲು, ಒಂದು ಹಾರ, ಎರಡು ಒಳ್ಳೆಯ ಮಾತು. ಹಾರ ಮಾರನೆಯ ದಿನ ಬಾಡುತ್ತದೆ. ಮಗನ ಶಾಲೆಯ ಫೀಸು ಹಾಗೆಯೇ ನಿಂತಿರುತ್ತದೆ.

ತಂದೆತಾಯಂದಿರೇ, ಇದನ್ನು ಗುರುಗಳ ತಲೆಗೆ ಮಾತ್ರ ಕಟ್ಟಬೇಡಿ. ಕಾಣಿಕೆ ಡಬ್ಬಿಗೆ ಬೀಳುವ ಚಿಲ್ಲರೆ ನಮ್ಮದೇ. ಟ್ಯೂಷನ್ನಿಗೆ ತಿಂಗಳು ತಪ್ಪದೆ ಕೊಡುವ ನಾವು, ಮಗುವಿನ ವಿಶ್ವಾಸಕ್ಕೆ ಬುನಾದಿ ಹಾಕುವವರಿಗೆ ಏನು ಕೊಟ್ಟಿದ್ದೇವೆ? ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳೋಣ. ನಮ್ಮಲ್ಲಿ ದುಡಿಯುವವರಿಗೆ ಸಲ್ಲುವ ಸಂಬಳ ಸರಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಾದರೂ ಸಮವೇ? ಅದು ತಿಂಗಳು ತಿಂಗಳು ತಪ್ಪದೆ ಕೈ ಸೇರುತ್ತದೆಯೇ? ಕಾಯಿಲೆಗೆ, ಮುಪ್ಪಿಗೆ ಏನು ಏರ್ಪಾಡು? ಶಕ್ತಿ ಸಾಲದಿದ್ದರೆ ಕೆಲಸದ ಗಂಟೆ ಕಡಿಮೆ ಮಾಡೋಣ, ನೆರೆಯ ಧರ್ಮಕೇಂದ್ರದೊಡನೆ ಸೇರಿ ಒಬ್ಬರನ್ನು ಇಟ್ಟುಕೊಳ್ಳೋಣ, ಲೆಕ್ಕವನ್ನು ಅವರ ಮುಂದೆಯೇ ಬಿಚ್ಚಿಡೋಣ. ಅರ್ಧ ಸಂಬಳಕ್ಕೆ ಪೂರ್ತಿ ದುಡಿಸಿಕೊಳ್ಳುವುದು ಮಾತ್ರ ಬೇಡ.

ದ್ರಾಕ್ಷಿತೋಟದ ಯಜಮಾನನು ಸಂಜೆ ಐದರ ಹೊತ್ತಿಗೆ ಬಂದವನಿಗೂ ಇಡೀ ದಿನದ ಕೂಲಿ ಕೊಟ್ಟನು. ಆ ರಾತ್ರಿ ಅವನ ಮನೆಯಲ್ಲೂ ಊಟ ಆಗಬೇಕಲ್ಲವೇ? ಮಕ್ಕಳನ್ನು ತನ್ನ ಬಳಿಗೆ ಬರಗೊಡಿಸಿರೆಂದ ಪ್ರಭು, ಆ ಮಕ್ಕಳ ಕೈಹಿಡಿದು ಕರೆತರುವವರ ಮನೆಯನ್ನು ಮರೆಯದ ಮನಸ್ಸನ್ನು ನಮಗೆ ದಯಪಾಲಿಸಲಿ. ಆಮೆನ್.