ಅಂಗಳದ ಶುಚಿ, ಮಣ್ಣಿನ ಹಕ್ಕು

ನಿಮ್ಮ ಮನೆಯಂಗಳ ಶುಚಿಯಾಗಿದೆಯೇ? ಹೌದು ಎನ್ನುವ ಮುನ್ನ ಒಂದು ಕ್ಷಣ ತಡೆಯಿರಿ. ನಾನೂ ಹಾಗೆಯೇ ಹೇಳುತ್ತಿದ್ದವನು. ಹಟ್ಟಿಯ ನಮ್ಮ ಮನೆಯಂಗಳಕ್ಕೆ ಸಿಮೆಂಟು ಹಾಕಿಸಿ, ಇನ್ನು ಧೂಳಿಲ್ಲ, ಕೆಸರಿಲ್ಲ ಎಂದು ಸಂತೋಷಪಟ್ಟಿದ್ದೆ. ಬೇವಿನ ಎಲೆ ಬಿದ್ದರೆ ಗುಡಿಸಿ ಸುಡುತ್ತಿದ್ದೆ. ಅಡುಗೆಮನೆಯ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಯಲಿಗೆ ಎಸೆಯುತ್ತಿದ್ದೆ.

ಒಂದು ದಿನ ಮಕ್ಕಳಿಗೆ ತಯಮ್ಮುಮ್‌ನ ಪಾಠ ಹೇಳುತ್ತಾ, ಒಂದಿಷ್ಟು ಶುದ್ಧ ಮಣ್ಣು ತರಲು ಒಬ್ಬ ಹುಡುಗನನ್ನು ಕಳುಹಿಸಿದೆ. ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದ. “ಉಸ್ತಾದ್, ಬಯಲೆಲ್ಲ ಗಾಜು, ಪ್ಲಾಸ್ಟಿಕ್ಕು. ಶುದ್ಧ ಮಣ್ಣು ಎಲ್ಲಿದೆ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಬಯಲಿಗೆ ನಾನು ಎಸೆದ ಚೀಲಗಳು ನೆನಪಾದವು.

ನೀರು ಸಿಗದಾಗ ನಮ್ಮನ್ನು ಶುದ್ಧಗೊಳಿಸಲು ಅಲ್ಲಾಹನು ಮಣ್ಣನ್ನು ಕೊಟ್ಟನು. ನಾವಾದರೋ ನಮ್ಮನ್ನು ಶುಚಿಯಾಗಿಟ್ಟುಕೊಳ್ಳಲು ಮಣ್ಣನ್ನೇ ಕೊಳಕು ಮಾಡಿದೆವು. ಕೊಳೆಯನ್ನು ನನ್ನ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ಸರಿಸುವುದು ಶುಚಿತ್ವವೇ?

ಹಟ್ಟಿಯವರಾದ ನಮಗೆ ಮಣ್ಣಿನ ಬೆಲೆ ಬೇಗ ತಿಳಿಯಬೇಕಿತ್ತು. ಇಲ್ಲಿ ಒಂದು ಟನ್ ಕಲ್ಲನ್ನು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದುದೆಲ್ಲ ಬರೀ ಪುಡಿ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಂತಹ ಪುಡಿಯ ದಿಬ್ಬಗಳು ಅಲ್ಲಿ ಇಂದಿಗೂ ನಿಂತಿವೆ. ಮಣ್ಣೂ ಮೂಲತಃ ಕಲ್ಲಿನ ಪುಡಿಯೇ. ಆದರೆ ಅದರೊಳಗೆ ಎಲೆ ಕೊಳೆಯುತ್ತದೆ, ಎರೆಹುಳು ದಾರಿ ಕೊರೆಯುತ್ತದೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ದುಡಿಯುತ್ತವೆ. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷಗಳು ಬೇಕು. ಸತ್ತ ಪುಡಿಗೂ ಜೀವಂತ ಮಣ್ಣಿಗೂ ಇರುವ ಅಂತರ, ನಾನು ಕಸವೆಂದು ಸುಟ್ಟ ಆ ಬೇವಿನ ಎಲೆ!

“ಅಂಗಳ ನನ್ನದು, ಹಣ ನನ್ನದು, ಕೇಳುವವರು ಯಾರು?” ಎನ್ನಬಹುದು. ನಿಜ, ಪತ್ರ ನಿಮ್ಮ ಹೆಸರಿನಲ್ಲಿದೆ. ಆದರೆ ಸಿಮೆಂಟಿನ ಮೇಲೆ ಬಿದ್ದ ಮಳೆ ನೆಲಕ್ಕಿಳಿಯದೆ ನೆರೆಯವನ ಹೊಸ್ತಿಲಿಗೆ ಹರಿಯುತ್ತದೆ. ಮೊದಲೇ ಮಳೆ ಕಡಿಮೆಯಿರುವ ನಮ್ಮ ರಾಯಚೂರು ಸೀಮೆಯಲ್ಲಿ ಬೋರ್‌ವೆಲ್ ಬತ್ತಿದರೆ ಅದು ಒಬ್ಬರಿಗಷ್ಟೇ ಬತ್ತುವುದಿಲ್ಲ. ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿ(ಸ)ರು ಎಷ್ಟು ಒತ್ತಿ ಹೇಳಿದ್ದಾರೆಂದು ನಮಗೆ ತಿಳಿಯದೇ? ನೆಲ ನಮ್ಮ ಕೈಯಲ್ಲಿರುವ ಅಮಾನತ್ತು. ನಾಳೆ ಅದು ನಮ್ಮ ಮಕ್ಕಳ ಕೈಗೆ ಹೋಗುವಂಥದ್ದು.

ಮಾಡಬೇಕಾದುದು ಕಷ್ಟದ್ದೇನಲ್ಲ. ಅಂಗಳದ ಒಂದು ಭಾಗವನ್ನಾದರೂ ಮಣ್ಣಾಗಿಯೇ ಬಿಡಿ. ಒಂದು ಗುಂಡಿ ತೋಡಿ, ತರಕಾರಿ ಸಿಪ್ಪೆಯ ಮೇಲೆ ಒಣ ಎಲೆ ಹರಡುತ್ತಾ ಬನ್ನಿ; ಕೆಲವು ತಿಂಗಳಲ್ಲಿ ಕಪ್ಪನೆಯ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ಕನ್ನು ಮಾತ್ರ ಬೇರೆ ಇಡಿ. ಅದನ್ನು ಮಣ್ಣು ಜೀರ್ಣಿಸಿಕೊಳ್ಳಲಾರದು. ಮಸೀದಿಯ ವುಝೂವಿನ ನೀರನ್ನು ಚರಂಡಿಯ ಬದಲು ಗಿಡಗಳ ಬುಡಕ್ಕೆ ತಿರುಗಿಸಿ. ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ದಾನವೆಂದು ನಾವು ಕಲಿತಿಲ್ಲವೇ?

ನಾನು ಅಂಗಳದ ಒಂದು ಮೂಲೆಯ ಸಿಮೆಂಟು ಒಡೆಸಿದ್ದೇನೆ. ಮಳೆಗಾಲದಲ್ಲಿ ಅಲ್ಲಿ ಕೆಸರಾಗುತ್ತದೆ, ಮನೆಯವರು ಗೊಣಗುತ್ತಾರೆ. ಆದರೆ ಪಾಠಕ್ಕೆ ಮಣ್ಣು ಬೇಕೆಂದರೆ ಆ ಹುಡುಗ ಈಗ ನಮ್ಮ ಮನೆಗೇ ಬರುತ್ತಾನೆ.

ಮಣ್ಣಿನಿಂದ ಬಂದವರು ನಾವು, ಮಣ್ಣಿಗೇ ಮರಳುವವರು. ಅದರ ಹಕ್ಕನ್ನು ಬಾಕಿ ಉಳಿಸಿಕೊಂಡು ಅದರೊಳಗೆ ಮಲಗುವುದು ಹೇಗೆ?